ಹೂವಿನ ವಿಳಾಸ

2022ರ ಅಕ್ಟೋಬರ್ ಮೊದಲ ವಾರದಲ್ಲಿ ಇಬ್ಬರು ನನಗೆ ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಆಗ ನನ್ನ ಬಳಿ ಉತ್ತರವಿರಲಿಲ್ಲ.

ಮೊದಲನೆಯದು ನನ್ನ ತಾಯಿಯದು. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಸಾಲಿನಲ್ಲಿ ಅರಳಿದ್ದ ನೀಲಕುರಿಂಜಿಯ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸುತ್ತಿದ್ದೆ. ಮಂಡಿನೋವಿನಿಂದಾಗಿ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟವಾಗಿರುವ ಅಮ್ಮಿ, ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಸಾವಧಾನವಾಗಿ ನೋಡಿದರು. ಕೊನೆಗೆ, "ವಾಸನೆ ಹೇಗಿತ್ತು?" ಎಂದರು. ನಾನು ತಡವರಿಸಿದೆ. ಮೂರು ಗಂಟೆ ಕಾಲ ಆ ಹೂಗಳ ನಡುವೆ ಇದ್ದು, ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದುಕೊಂಡು ಬಂದಿದ್ದೆ. ಒಂದು ಹೂವಿನ ಬಳಿಗೂ ಮೂಗು ಒಯ್ದಿರಲಿಲ್ಲ.

ಎರಡನೆಯದು ನನ್ನ ಜೊತೆ ಪಾಠ ಮಾಡುವ ಮೇಷ್ಟ್ರೊಬ್ಬರದು. ಅದೇ ಚಿತ್ರಗಳನ್ನು ನೋಡಿ ಅವರು, "ಸಾರ್, ಲೊಕೇಶನ್ ಕಳಿಸಿ. ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗಿಬರ್ತೀವಿ" ಎಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆರಳ ತುದಿಯಿಂದ ಒಂದು ಸಲ ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಒತ್ತಲಾಗಲಿಲ್ಲ. "ಆಮೇಲೆ ಕಳಿಸ್ತೀನಿ" ಎಂದೆ. ಕಳಿಸುವ ಮನಸ್ಸು ಇರಲಿಲ್ಲವಾದ್ದರಿಂದ ಅದು ಸುಳ್ಳು. ಚೆಲುವಾದದ್ದೊಂದನ್ನು ಕಂಡವನು ಅದನ್ನು ಇತರರಿಂದ ಬಚ್ಚಿಡಬಹುದೆ? ಬಚ್ಚಿಡದೆ ಹೋದರೆ ಅದು ಉಳಿಯುವುದೆ? ಅಂದಿನಿಂದ ಈ ಪ್ರಶ್ನೆಗಳು ನನ್ನ ಬೆನ್ನು ಬಿಟ್ಟಿಲ್ಲ.

ಇವು ನನ್ನನ್ನು ಇಷ್ಟು ಕಾಡಲು ನಾನು ಹುಟ್ಟಿ ಬೆಳೆದ ಸೀಮೆಯೂ ಒಂದು ಕಾರಣವಿರಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪಿನ ನಾಡು. ಮುಂಗಾರಿನಲ್ಲಿ ನಾಟಿ ಮಾಡಿದ ಗಿಡ ಎದೆಮಟ್ಟ ಬೆಳೆದು, ನೆತ್ತಿಯಲ್ಲಿ ತೆಳುಗುಲಾಬಿ ಬಣ್ಣದ ಹೂಗೊಂಚಲು ಇಣುಕಿತೆಂದರೆ ಅದನ್ನು ಮುರಿದು ಎಸೆಯಬೇಕು. ಹೂ ಅರಳಲು ಬಿಟ್ಟರೆ ಗಿಡದ ಸಾರವೆಲ್ಲ ಬೀಜಕ್ಕೆ ಹೋಗಿಬಿಡುತ್ತದೆ. ಮುರಿದರೆ ಎಲೆ ದಪ್ಪವಾಗುತ್ತದೆ, ತೂಕ ಬರುತ್ತದೆ, ಹರಾಜು ಕಟ್ಟೆಯಲ್ಲಿ ಬೆಲೆ ಸಿಗುತ್ತದೆ. ಶಾಲೆಗೆ ಹೋಗುವ ದಿನಗಳಲ್ಲಿ, ಭಾನುವಾರದ ಕೂಲಿಗೆಂದು ನಾನೂ ಅಕ್ಕಪಕ್ಕದವರ ಹೊಲಗಳಲ್ಲಿ ಸಾಲು ಹಿಡಿದು ಹೂ ಮುರಿದಿದ್ದೇನೆ. ಕೈಗೆ ಅಂಟಿದ ಕಪ್ಪು ಜಿಗಟು ಸೋಪಿಗೂ ಜಗ್ಗುತ್ತಿರಲಿಲ್ಲ. ಹೂ ಎಂದರೆ ನಷ್ಟ ಎಂಬ ಪಾಠವನ್ನು ನನ್ನ ಕೈಗಳು ಯಾವ ಪುಸ್ತಕಕ್ಕಿಂತಲೂ ಮೊದಲೇ ಕಲಿತವು. ಇನ್ನು ಆ ಸೊಪ್ಪನ್ನು ಬೇಯಿಸುವ ಬ್ಯಾರನ್‌ಗಳಿಗೆ ಸೌದೆ ಬೇಕು. ಸೌದೆ ಎಂದರೆ ಎಲ್ಲೋ ನಿಂತಿದ್ದ ಮರ. ನಮ್ಮ ಮನೆಯಲ್ಲಿ ಅಕ್ಕನ ಮದುವೆಯ ಸಾಲ ತೀರಿದ್ದು ಹೊಗೆಸೊಪ್ಪಿನ ಕೂಲಿಯಿಂದಲೇ. ಆದ್ದರಿಂದ ಗಿಡ ಮರಗಳ ವಿಚಾರದಲ್ಲಿ ಇತರರಿಗೆ ಉಪದೇಶ ಮಾಡುವ ಅಧಿಕಾರ ನನಗಿದೆ ಎಂದು ನಾನು ಭಾವಿಸಿಲ್ಲ. ಈ ಬರಹವನ್ನು ಉಪದೇಶವೆಂದು ಓದಬಾರದು.

ಹೂಗಳನ್ನು ಹುಡುಕಿಕೊಂಡು ಬೆಟ್ಟ ಹತ್ತುವ ಹುಚ್ಚು ನನಗೆ ಹಿಡಿದದ್ದು ಅಕ್ಕನ ಮಗನಿಂದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡು, ರಜೆ ಸಿಕ್ಕಾಗಲೆಲ್ಲ, "ಮಾಮು, ಬನ್ನಿ" ಎಂದು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದ. ಇಂಗ್ಲಿಷ್ ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಬೇಸಿಗೆ ಎಂದರೆ ಪರ್ವತಗಳ ಮೇಲೆ ಹೂ ಹಾಸುವ ಕಾಲ. ಹಿಮ ಕರಗುವ ದೇಶಗಳಲ್ಲಿ ಅದು ನಿಜ. ನಮ್ಮಲ್ಲಿ ಬೇಸಿಗೆಯಲ್ಲಿ ಹೂ ಬಿಡುವುದು ಮರಗಳು. ಎಲೆಯುದುರಿದ ಮುತ್ತುಗ ಕೆಂಡದಂತೆ ಕಾಣುತ್ತದೆ, ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ನೆಲದ ಹುಲ್ಲು ಮಾತ್ರ ಒಣಗಿ ಬೆಂಕಿಗೆ ಕಾಯುತ್ತಿರುತ್ತದೆ. ನೆಲಕ್ಕೆ ಹೂ ಬರಬೇಕಾದರೆ ಮಳೆ ಬೀಳಬೇಕು.

ಅವನ ಮೊದಲ ಒಳ್ಳೆಯ ಚಿತ್ರ ಕೋಟೆ ಕಡೆಯ ಕಾಡಂಚಿನಲ್ಲಿ ತೆಗೆದದ್ದು. ಕಿತ್ತಳೆ, ಹಳದಿ, ಗುಲಾಬಿ ಬಣ್ಣಗಳು ಒಂದೇ ಗೊಂಚಲಿನಲ್ಲಿ ಸೇರಿದ್ದ ಲಂಟಾನದ ಹೂ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಮ್ಮ ಮನೆಯ ಗೋಡೆಗೆ ಹಾಕಿದ್ದ. ಒಮ್ಮೆ ಮನೆಗೆ ಬಂದ ಅರಣ್ಯ ಇಲಾಖೆಯ ಗೆಳೆಯರೊಬ್ಬರು ಅದನ್ನು ನೋಡಿ ನಕ್ಕುಬಿಟ್ಟರು. "ಕಳ್ಳನ ಫೋಟೊಗೆ ಚೌಕಟ್ಟು ಹಾಕಿಸಿದ್ದೀರಿ" ಎಂದರು. ಲಂಟಾನ ಅಮೆರಿಕ ಖಂಡದ ಗಿಡ. ಎರಡು ಶತಮಾನಗಳ ಹಿಂದೆ ಬ್ರಿಟಿಷರು ಅದನ್ನು ತೋಟದ ಅಂದಕ್ಕೆಂದು ತಂದರು. ಅದು ಬೇಲಿ ಹಾರಿ ಬಂಡೀಪುರ, ನಾಗರಹೊಳೆಯ ಕಾಡುಗಳನ್ನೆಲ್ಲ ಹೊಕ್ಕಿತು. ಅದರ ಪೊದೆ ಹಬ್ಬಿದ ಕಡೆ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆಗೂ ಕಾಟಿಗೂ ಆನೆಗೂ ಮೇವಿಲ್ಲ. ಈಗ ಕಬಿನಿಯ ಆಚೀಚೆ, ವಯನಾಡಿನ ಕಡೆಯಿಂದ ಹಬ್ಬುತ್ತಿರುವ ಹಳದಿ ಹೂವಿನ ಸೆನ್ನಾ ಮರದ್ದೂ ಇದೇ ಕತೆ. ಅದನ್ನೂ ನೆರಳಿಗೆಂದು, ಅಲಂಕಾರಕ್ಕೆಂದು ತಂದು ನೆಟ್ಟವರು ಮನುಷ್ಯರೇ. ಚೆಲುವು ಕಣ್ಣಿಗೆ ಕಂಡ ಮಾತ್ರಕ್ಕೆ ಅದು ಏನೆಂದು ತಿಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಾದದ್ದು ಹೀಗೆ. ಚಿತ್ರವನ್ನು ಗೋಡೆಯಿಂದ ತೆಗೆಯಲಿಲ್ಲ. ಆದರೆ ಅದನ್ನು ನೋಡುವ ಕಣ್ಣು ಮೊದಲಿನಂತೆ ಉಳಿಯಲಿಲ್ಲ.

2021ರ ಆಗಸ್ಟ್‌ನಲ್ಲಿ ಪಿರಿಯಾಪಟ್ಟಣದ ಮಗ್ಗುಲಿನ ಕೊಡಗಿನಲ್ಲಿ, ಮಾಂದಲಪಟ್ಟಿ ಮತ್ತು ಕೋಟೆಬೆಟ್ಟದ ಕಡೆ ಕುರಿಂಜಿ ಅರಳಿದ ಸುದ್ದಿ ಬಂತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮನೆಮಾರು, ಜೀವ ಕಳೆದುಕೊಂಡ ಕೊಡಗು ಅದೇ. ಗಾಯ ಮಾಗುವ ಮೊದಲೇ ಬೆಟ್ಟಕ್ಕೆ ಹೂ ಬಂದಿದೆ ಎಂದು ಹೋಗಿ ನೋಡುವ ಆಸೆಯಾಯಿತು. ಕೊರೋನಾದ ನಿರ್ಬಂಧಗಳ ನಡುವೆ ಹೋಗಲಾಗಲಿಲ್ಲ. ಆದ್ದರಿಂದ ಮರುವರ್ಷ ಚಂದ್ರದ್ರೋಣದಲ್ಲಿ ಹೂ ಬಿಟ್ಟಿದೆ ಎಂದು ತಿಳಿದಾಗ ತಡಮಾಡಲಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಶನಿವಾರ ಬೆನ್ನಿಗೆ ಚೀಲ ಕಟ್ಟಿ ಹೊರಟೆವು. ಹುಣಸೂರಿನಿಂದ ಕೆ.ಆರ್. ನಗರ, ಹೊಳೆನರಸೀಪುರ, ಹಾಸನ, ಬೇಲೂರು ದಾಟಿ ಚಿಕ್ಕಮಗಳೂರು. ಕಿಟಕಿಯ ಹೊರಗೆ ಮೊದಲು ಹೊಗೆಯಾಡುವ ಬ್ಯಾರನ್‌ಗಳು, ಆಮೇಲೆ ಕಾವೇರಿಯ ನಾಲೆಯ ಗದ್ದೆಗಳು, ಕೊನೆಗೆ ಕಾಫಿ ತೋಟಗಳು. ರಾತ್ರಿ ಲಾಡ್ಜಿನಲ್ಲಿ ತಂಗಿ ನಸುಕಿನಲ್ಲಿ ಬೆಟ್ಟದ ಕಡೆ ನಡೆದೆವು. ಚೀಲದಲ್ಲಿ ಚಪಾತಿ, ಮೊಟ್ಟೆ ಪಲ್ಯ, ನೀರು, ಮಳೆ ಬಂದರೆ ಕ್ಯಾಮೆರಾಕ್ಕೆ ಹೊದಿಸಲು ಒಂದು ಪ್ಲಾಸ್ಟಿಕ್ ಹಾಳೆ.

ಅರ್ಧಚಂದ್ರನಂತೆ ಬಾಗಿರುವುದರಿಂದ ಈ ಸಾಲಿಗೆ ಚಂದ್ರದ್ರೋಣ ಎಂದು ಹೆಸರು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದು ಇಲ್ಲೇ. ಎತ್ತರ 1930 ಮೀಟರ್. ಬೆಟ್ಟದ ಕಣಿವೆಗಳಲ್ಲಿ ಕಪ್ಪಗೆ ಒತ್ತಾದ ಶೋಲಾ ಕಾಡು, ಬೆನ್ನಿನ ಮೇಲೆ ಬರೀ ಹುಲ್ಲು. ಸುರಿದ ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯ ತನಕ ಹಳ್ಳಗಳಿಗೆ ಒಸರುವುದು ಈ ಹುಲ್ಲೂ ಕಾಡೂ ಸೇರಿ. ಹಳೆಯ ಸರ್ಕಾರಿ ಲೆಕ್ಕಗಳಿಗೆ ಇಂಥ ಹುಲ್ಲುಗಾವಲು ಪಾಳು ನೆಲವಾಗಿ ಕಂಡಿತ್ತು. ಘಟ್ಟದ ಎಷ್ಟೋ ಕಡೆ ಅಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರು. ಕುರಿಂಜಿ ಬೆಳೆಯುವುದು ಇಂಥ 'ಪಾಳು' ನೆಲದಲ್ಲೇ.

ಮಂಜು ಸರಿದಾಗ ಕಂಡದ್ದನ್ನು ವರ್ಣಿಸಲು ನಾನು ಹೋಗುವುದಿಲ್ಲ. ಒಂದಿಡೀ ಇಳಿಜಾರು ನೇರಳೆಗೂ ನೀಲಿಗೂ ನಡುವಿನ ಒಂದು ಬಣ್ಣ ತಳೆದಿತ್ತು. ಹತ್ತಿರ ಹೋದರೆ ಸಣ್ಣ ಗಂಟೆಯಂಥ ಸಾಧಾರಣ ಹೂ. ಒಂದೇ ಒಂದನ್ನು ಕಿತ್ತು ತೋರಿಸಿದರೆ ಯಾರೂ ಎರಡನೆಯ ಸಲ ನೋಡಲಿಕ್ಕಿಲ್ಲ. ಅದರ ಸೊಬಗೆಲ್ಲ ಎಲ್ಲವೂ ಒಟ್ಟಿಗೆ ಅರಳುವುದರಲ್ಲಿದೆ. ಈ ಗಿಡ ಹನ್ನೆರಡು ವರ್ಷ ಹಸಿರು ಪೊದೆಯಾಗಿ ಸುಮ್ಮನೆ ಬೆಳೆದು, ಒಂದೇ ಒಂದು ಸಲ ಹೂ ಬಿಟ್ಟು, ಬೀಜ ಉದುರಿಸಿ ಸತ್ತುಹೋಗುತ್ತದೆ. ಬೆಟ್ಟ ಬೆಟ್ಟಕ್ಕೂ ಇದರ ಲೆಕ್ಕ ಬೇರೆ. ಮುನ್ನಾರಿನಲ್ಲಿ 2006, 2018ರಲ್ಲಿ ಅರಳಿತ್ತು. ಹೀಗೆ ಎಲ್ಲವೂ ಒಮ್ಮೆಗೇ ಅರಳುವುದಕ್ಕೆ ವಿಜ್ಞಾನಿಗಳು ಕೊಡುವ ಕಾರಣವೊಂದಿದೆ. ಬೀಜ ತಿನ್ನುವ ಇಲಿ, ಹಕ್ಕಿ, ಹುಳುಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಂದೇ ಕಾಲಕ್ಕೆ ಉದುರಬೇಕು. ಆಗ ಮಿಕ್ಕವು ಮೊಳೆಯುತ್ತವೆ. ಹನ್ನೆರಡು ವರ್ಷದ ದುಡಿಮೆಯನ್ನೆಲ್ಲ ಒಂದೇ ಋತುವಿನ ಮೇಲೆ ಹೂಡುವ ಗಿಡ ಇದು. ಆ ಒಂದು ಋತು ಕೆಟ್ಟರೆ ಎರಡನೆಯ ಅವಕಾಶ ಅದಕ್ಕಿಲ್ಲ.

ನಾವು ಅಲ್ಲಿ ಇಬ್ಬರೇ ಇರಲಿಲ್ಲ. ಬೆಳಕು ಏರಿದಂತೆ ಜನ ಬಂದರು. ಬೈಕುಗಳು, ಜೀಪುಗಳು, ಮದುವೆಗೆ ಮುನ್ನ ಫೋಟೊ ತೆಗೆಸಲು ಬಂದ ಜೋಡಿ. ಕೆಲವರು ಹೂ ಕಿತ್ತು ಮುಡಿದರು, ಕೆಲವರು ಗೊಂಚಲುಗಳನ್ನು ಕವರಿಗೆ ತುಂಬಿಕೊಂಡರು. ನಾನು ಮೇಷ್ಟ್ರ ದನಿಯಲ್ಲಿ ಒಂದಿಬ್ಬರನ್ನು ತಡೆದೆ. ಅಷ್ಟರಲ್ಲಿ ಅಕ್ಕನ ಮಗ, "ಮಾಮು, ನಿಮ್ಮದೊಂದು ತೆಗೀತೀನಿ, ಸ್ವಲ್ಪ ಹಿಂದೆ ಹೋಗಿ, ಇನ್ನೂ ಸ್ವಲ್ಪ" ಎಂದ. ಹಿಂದೆ ಹಿಂದೆ ಹೋದೆ. ಕಾಲ ಕೆಳಗೆ ಒಣಸೌದೆ ಮುರಿದ ಹಾಗೆ ಸದ್ದಾಯಿತು. ನೋಡಿದರೆ ಮೂರು ನಾಲ್ಕು ಗಿಡ ಬುಡಸಮೇತ ಮುರಿದು ಬಿದ್ದಿದ್ದವು. ದೂರದಲ್ಲಿ ನಿಂತಿದ್ದ ಅರಣ್ಯ ಕಾವಲುಗಾರರೊಬ್ಬರು ಹತ್ತಿರ ಬಂದರು. ಗದರಲಿಲ್ಲ. "ನಾವು ಒಂದು ಹೂವೂ ಕಿತ್ತಿಲ್ಲ" ಎಂದು ನಾನೇ ಮುಂದಾಗಿ ಹೇಳಿದೆ. "ಕಿತ್ತಿಲ್ಲ ಸಾರ್, ನಿಜ. ಆದ್ರೆ ನಿಂತಿರೋದು ಅದರ ಮೇಲೇನೇ" ಎಂದರು. ಹೂ ಬಾಡಿದ ಮೇಲೆ ಬೀಜ ಕಟ್ಟಬೇಕು, ಅದು ಬಲಿತು ಉದುರುವ ತನಕ ಗಿಡ ನಿಂತಿರಬೇಕು, ಇದು ಮತ್ತೆ ಚಿಗುರುವ ಜಾತಿಯಲ್ಲ ಎಂದು ವಿವರಿಸಿದರು. ಆ ಗಿಡಗಳು ಮೊಳೆತಾಗ ಅಕ್ಕನ ಮಗ ಪ್ರೈಮರಿ ಶಾಲೆಯಲ್ಲಿದ್ದ. ಹನ್ನೆರಡು ವರ್ಷ ಮಳೆ, ಗಾಳಿ, ಬೇಸಿಗೆಯ ಬೆಂಕಿ, ದನದ ಬಾಯಿ ಎಲ್ಲದರಿಂದ ತಪ್ಪಿಸಿಕೊಂಡು ಬಂದವು ನನ್ನ ಒಂದು ಫೋಟೊದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹೊಗೆಸೊಪ್ಪಿನ ಹೂ ಮುರಿಯುವಾಗ ಕೂಲಿಯಾದರೂ ಸಿಗುತ್ತಿತ್ತು.

ಇದೇ ಕಾರಣಕ್ಕೆ ನಾನು ಸಹೋದ್ಯೋಗಿಗೆ ವಿಳಾಸ ಕಳಿಸಲಿಲ್ಲ. ನನ್ನಂಥ ಎಚ್ಚರದ ಮನುಷ್ಯನೇ ಹೀಗೆ ಮಾಡಿದರೆ ಸಾವಿರ ಜನ ಬಂದಾಗ ಏನಾದೀತು ಎಂಬುದು ನನ್ನ ವಾದವಾಗಿತ್ತು. ಒಂದು ತಿಂಗಳ ನಂತರ ತಡೆಯಲಾರದೆ ಅವರಿಗೆ ನಿಜ ಹೇಳಿಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. "ಅಂದ್ರೆ ನೀವು ಒಳಗೆ ಹೋಗಿ ನೋಡ್ಕೊಂಡು ಬಂದ ಮೇಲೆ ಬಾಗಿಲು ಹಾಕಿದ್ರಿ" ಎಂದರು. ನನ್ನ ವಾದ ಅಲ್ಲಿಗೆ ಮುಗಿಯಿತು.

ಅವರ ಮಾತಿನಲ್ಲಿದ್ದ ಸತ್ಯ ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ನಾಗರಹೊಳೆಯ ಕಾಡಿನಲ್ಲಿ ತಲೆತಲಾಂತರದಿಂದ ಬದುಕಿದ್ದ ಜೇನುಕುರುಬರಲ್ಲಿ ಅನೇಕ ಕುಟುಂಬಗಳನ್ನು ಕಾಡು ಉಳಿಯಬೇಕೆಂದು ಹೊರಗೆ ತಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ನೆಲೆಗೊಳಿಸಿದರು. ಯಾವ ಮರ ಯಾವಾಗ ಹೂ ಬಿಡುತ್ತದೆ, ಯಾವ ಹೂವಿನಿಂದ ಯಾವ ಜೇನು ಎಂಬುದು ಬಾಯಿಪಾಠವಾಗಿದ್ದ ಜನ ಅವರು. ಅದೇ ಕಾಡಿಗೆ ದೊಡ್ಡ ಕ್ಯಾಮೆರಾ ಹಿಡಿದವರು ಟಿಕೆಟ್ ಪಡೆದು ಸಫಾರಿಗೆ ಹೋದರು. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ನೆಲೆಗೆ ತಾವಾಗಿ ಮರಳಿದಾಗ ಎತ್ತಿದ ಪ್ರಶ್ನೆ ಇದೇ: ಕಾಪಾಡುವ ಹೆಸರಿನಲ್ಲಿ ಮುಚ್ಚುವ ಬಾಗಿಲು ಯಾರ ಮುಖಕ್ಕೆ ಮುಚ್ಚುತ್ತದೆ? ರಕ್ಷಣೆಗೆಂದು ಗೋಡೆ ಕಟ್ಟಿದಾಗ ಒಳಗೆ ಉಳಿಯುವವರು ಸಾಮಾನ್ಯವಾಗಿ ಬಲ್ಲವರಲ್ಲ, ಉಳ್ಳವರು. ಹೂವಿನ ಜಾಗವನ್ನು ಗುಟ್ಟಾಗಿ ಇಟ್ಟರೂ ಅಷ್ಟೇ. ಎಸ್ಟೇಟಿನ ಯಜಮಾನರಿಗೆ, ರೆಸಾರ್ಟಿನವರಿಗೆ, ನನ್ನಂಥ ಒಂದಿಬ್ಬರು ಹವ್ಯಾಸಿಗಳಿಗೆ ಅದು ಗೊತ್ತಿರುತ್ತದೆ. ತಿಂಗಳ ಸಂಬಳದಲ್ಲಿ ಒಂದು ಭಾನುವಾರ ಮಕ್ಕಳನ್ನು ಕರೆದೊಯ್ಯಲು ಬಯಸುವ ಮೇಷ್ಟ್ರಿಗೆ ಗೊತ್ತಿರುವುದಿಲ್ಲ.

ಹಾಗೆಂದು ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಸಂತೆಯಂತೆ ಸಾಲುಗಟ್ಟಿ ನಿಂತ ದೃಶ್ಯ ನಾಡಿನಲ್ಲೆಲ್ಲ ಸುದ್ದಿಯಾಯಿತು. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ವ್ಯವಸ್ಥೆ ತಂದಿತು. ನೀಲಕುರಿಂಜಿಯನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿತು. 2023ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಕಾಡಿನಲ್ಲಿ ಅದನ್ನು ಕೀಳುವುದು ಈಗ ಅಪರಾಧ. ಇವೆಲ್ಲ ಬೇಕು. ಮಿತಿ ಇರಲಿ, ಸರದಿ ಇರಲಿ. ಆದರೆ ಸರದಿಯಲ್ಲಿ ಎಲ್ಲರಿಗೂ ಜಾಗವಿರಬೇಕು. ಮೊಬೈಲಿನಲ್ಲಿ ಮೊದಲು ಬುಕ್ ಮಾಡಿದವನಿಗೆ ಬೆಟ್ಟ ಎಂದಾದರೆ, ಬೆಟ್ಟದ ಬುಡದ ಕಾಫಿ ತೋಟದ ಕೂಲಿಯ ಮಗಳು ತನ್ನ ಊರಿನ ಹೂವನ್ನು ಇತರರ ಫೋಟೊದಲ್ಲಿ ನೋಡಬೇಕಾಗುತ್ತದೆ. ಆ ದಿನದ ಮಿತಿಯಲ್ಲಿ ಒಂದು ಪಾಲನ್ನು ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಮೀಸಲಿಟ್ಟರೆ ಸರ್ಕಾರಕ್ಕೆ ಆಗುವ ನಷ್ಟವೇನೂ ಇಲ್ಲ.

ಕಾನೂನು ಕೀಳುವ ಕೈಯನ್ನು ತಡೆಯಬಹುದು. ನನ್ನಂತೆ ಹಿಂದೆ ಹಿಂದೆ ಹೋಗುವ ಕಾಲನ್ನು ತಡೆಯುವುದು ಯಾವುದು? ಉರ್ದು ಶಾಲೆಯಲ್ಲಿ ನಮ್ಮ ಮೇಷ್ಟ್ರು ಶೇಖ್ ಸಾದಿಯ ಗುಲಿಸ್ತಾನ್‌ನಿಂದ ಕತೆಗಳನ್ನು ಹೇಳುತ್ತಿದ್ದರು. 1258ರಲ್ಲಿ ಪರ್ಷಿಯನ್ ಭಾಷೆಯಲ್ಲಿ ರಚಿತವಾದ ಆ ಗ್ರಂಥದ ಪೀಠಿಕೆಯಲ್ಲಿ ಒಬ್ಬ ಸಾಧಕನ ಪ್ರಸಂಗ ಬರುತ್ತದೆ. ಧ್ಯಾನದಿಂದ ಎಚ್ಚೆತ್ತ ಅವನನ್ನು ಗೆಳೆಯನೊಬ್ಬ, ನೀನಿದ್ದ ಆ ತೋಟದಿಂದ ನಮಗೇನು ಉಡುಗೊರೆ ತಂದೆ ಎಂದು ಕೇಳುತ್ತಾನೆ. ಗುಲಾಬಿಯ ಗಿಡ ಸಿಕ್ಕರೆ ನಿಮಗಾಗಿ ಮಡಿಲು ತುಂಬಿಕೊಂಡು ಬರಬೇಕೆಂದಿದ್ದೆ, ಆದರೆ ಪರಿಮಳಕ್ಕೆ ಮೈಮರೆತು ಮಡಿಲು ಕೈತಪ್ಪಿಹೋಯಿತು ಎನ್ನುತ್ತಾನೆ ಅವನು. ಹುಡುಗನಾಗಿದ್ದಾಗ ಈ ಮನುಷ್ಯ ಮರೆಗುಳಿ ಎಂದು ನಕ್ಕಿದ್ದೆ. ಅಮ್ಮಿ ವಾಸನೆಯ ಬಗ್ಗೆ ಕೇಳಿದ ದಿನ ಆ ಕತೆ ನೆನಪಾಯಿತು. ಅವನು ಹೂವನ್ನು ತರಲಿಲ್ಲ, ಆದರೆ ಹೂವನ್ನು ಬಲ್ಲ. ನಾನು ಇನ್ನೂರು ಹೂ ತಂದಿದ್ದೆ. ತಾಯಿಯ ಒಂದು ಪ್ರಶ್ನೆಗೆ ಉತ್ತರ ಕೊಡುವಷ್ಟೂ ಪರಿಚಯ ಇರಲಿಲ್ಲ.

ಹಾಗಾದರೆ ತರುವುದೇ ತಪ್ಪೆ? ಹಾಗೂ ಹೇಳಲಾರೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವರಿಗೆ ಗೊತ್ತು. ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಕಾಡುಮೇಡು ಅಲೆದ ಆ ಮೇಷ್ಟ್ರ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯವಿಜ್ಞಾನಿಗಳು ಗಿಡ ಕೀಳುತ್ತಾರೆ, ಕಾಗದದ ನಡುವೆ ಒಣಗಿಸುತ್ತಾರೆ, ಹೆಸರು, ಸಿಕ್ಕ ಸ್ಥಳ, ದಿನಾಂಕ ಬರೆದಿಡುತ್ತಾರೆ. ಹಾಗೆ ಕಿತ್ತ ಒಂದು ಕೊಂಬೆ ನೂರು ವರ್ಷದ ನಂತರವೂ ಆ ಜಾತಿಯ ಬಗ್ಗೆ ಹೇಳುತ್ತಿರುತ್ತದೆ. ಆ ಕೈ ಕಿತ್ತರೂ ಗಿಡಕ್ಕೆ ಉಪಕಾರಿ. ನನ್ನ ಕೈ ಕೀಳದೆಯೂ ಗಿಡವನ್ನು ಕೊಂದಿತು. ಇಬ್ಬರ ನಡುವಿನ ವ್ಯತ್ಯಾಸ ಇರುವುದು ಪರಿಚಯದಲ್ಲಿ.

ಚಂದ್ರದ್ರೋಣದ ಮೇಲೆ ನಿಂತಾಗ ಇನ್ನೊಂದು ಸಂಗತಿಯೂ ಮನಸ್ಸಿಗೆ ಬರದಿರಲು ಸಾಧ್ಯವಿಲ್ಲ. ಅರಬರ ನಾಡಿನಿಂದ ಕಾಫಿ ಬೀಜ ತಂದು ಬಿತ್ತಿದರೆಂಬ ಐತಿಹ್ಯದ ಬಾಬಾಬುಡನ್ ಅವರ ಹೆಸರು ಹೊತ್ತ ಗಿರಿ ಈ ಸಾಲಿನಲ್ಲೇ ಇದೆ. ಅಲ್ಲಿಯ ಗುಹೆಯನ್ನು ದತ್ತಪೀಠವೆಂದು ನಂಬಿದವರೂ ದರ್ಗಾ ಎಂದು ನಂಬಿದವರೂ ಬಹುಕಾಲ ಒಂದೇ ಹಾದಿಯಲ್ಲಿ ಹತ್ತಿ ಇಳಿದಿದ್ದಾರೆ. ಈಚಿನ ದಶಕಗಳಲ್ಲಿ ಅದು ಯಾರದು ಎಂಬ ವ್ಯಾಜ್ಯ ಬೀದಿಗೂ ನ್ಯಾಯಾಲಯಗಳಿಗೂ ಹೋಯಿತು. ಆ ಇಡೀ ಅವಧಿಯಲ್ಲಿ ಕುರಿಂಜ ತನ್ನ ಪಾಡಿಗೆ ಹನ್ನೆರಡು ಹನ್ನೆರಡು ವರ್ಷ ಎಣಿಸುತ್ತಲೇ ಇತ್ತು. ಬೆಟ್ಟ ಯಾರದು ಎಂದು ಕೇಳುವ ಬದಲು, ಬೆಟ್ಟವನ್ನು ನಮ್ಮ ಕೈಗೆ ಯಾರು ನಂಬಿ ಕೊಟ್ಟರು, ನಾವು ಯಾರಿಗೆ ಒಪ್ಪಿಸಬೇಕು ಎಂದು ಕೇಳಿದರೆ ಮಾತಿನ ದಾರಿಯೇ ಬೇರೆಯಾದೀತು. ನಮ್ಮ ಮನೆಗಳಲ್ಲಿ 'ಅಮಾನತ್' ಎಂಬ ಮಾತಿದೆ. ಹಜ್‌ಗೆ ಹೊರಟವರು ನೆರೆಮನೆಯಲ್ಲಿ ಒಡವೆಯ ಗಂಟನ್ನು ಇಟ್ಟುಹೋಗುತ್ತಿದ್ದರು. ಅದನ್ನು ಇಟ್ಟುಕೊಂಡವರು ಬಿಚ್ಚಿ ಧರಿಸುವಂತಿಲ್ಲ, ಒಡೆಯರು ಬಂದು ಕೇಳಿದಾಗ ಇಲ್ಲವೆನ್ನುವಂತೆಯೂ ಇಲ್ಲ. ಕುರಿಂಜಿಯ ಒಡೆಯರು 2034ರಲ್ಲಿ ಅದನ್ನು ನೋಡಲು ಬರುವ ಮಕ್ಕಳು. ತುಳಿದುಹಾಕಿದರೆ ಅಮಾನತ್ ಕೆಡುತ್ತದೆ, ಬಚ್ಚಿಟ್ಟರೂ ಕೆಡುತ್ತದೆ.

ಇಷ್ಟು ದಿನದ ಯೋಚನೆಯ ನಂತರ ನನಗೆ ಹೊಳೆದದ್ದು ಒಂದು ಸಣ್ಣ ಮಾತು. ವಿಳಾಸ ಕೊಡುವುದಕ್ಕೆ ಮೊದಲು ಪರಿಚಯ ಮಾಡಿಸಬೇಕು. ಯಾರನ್ನಾದರೂ ಒಬ್ಬರ ಮನೆಗೆ ಕಳಿಸುವಾಗ ನಾವು ಬರೀ ಬೀದಿಯ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಅವರಿಗೆ ಹುಷಾರಿಲ್ಲ, ಜೋರಾಗಿ ಮಾತಾಡಬೇಡಿ, ಮಧ್ಯಾಹ್ನ ಹೋಗಬೇಡಿ ಎಂದೆಲ್ಲ ಹೇಳಿ ಕಳಿಸುತ್ತೇವೆ. ನಾನು ಸಹೋದ್ಯೋಗಿಗೆ ಚಿತ್ರ ತೋರಿಸಿದ್ದೆ, ಪರಿಚಯ ಮಾಡಿಸಿರಲಿಲ್ಲ. ಗಿಡ ಹೂ ಬಿಟ್ಟು ಸಾಯುತ್ತದೆ ಎಂದು ತಿಳಿದಿದ್ದರೆ ಅವರು ನನಗಿಂತ ಮೆಲ್ಲಗೆ ಕಾಲಿಡುತ್ತಿದ್ದರೇನೋ. ತಿಳಿಸುವ ಶ್ರಮ ತಪ್ಪಿಸಿಕೊಳ್ಳಲು ನಾನು ಬಚ್ಚಿಡುವ ಸುಲಭದ ದಾರಿ ಹಿಡಿದಿದ್ದೆ. ಅದನ್ನೇ ಸಂರಕ್ಷಣೆ ಎಂದು ಕರೆದುಕೊಂಡಿದ್ದೆ.

ಅವರಿಗೆ ನಿಜ ಹೇಳುವ ಹೊತ್ತಿಗೆ ಚಂದ್ರದ್ರೋಣದ ಹೂ ಮುಗಿಯುತ್ತ ಬಂದಿತ್ತು. ಮುಂದಿನ ವರ್ಷ ಮಳೆಗಾಲದಲ್ಲಿ ನಾವಿಬ್ಬರೂ ಸೇರಿ ಹದಿನಾಲ್ಕು ಮಕ್ಕಳನ್ನು ಕರೆದುಕೊಂಡು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಹೋದೆವು. ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ ಇರುವ ಈ ಬೆಟ್ಟವನ್ನು ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ದಿನವೂ ನೋಡಿದ್ದರು, ಹತ್ತಿದವರು ಮೂವರೇ. ಅಲ್ಲಿ ನೀಲಿ ಇಳಿಜಾರು ಇರಲಿಲ್ಲ. ಮೆಟ್ಟಿಲ ಬದಿಯಲ್ಲಿ ಬಿಳಿಯ ತುಂಬೆ, ಬೇಲಿಯ ಮೇಲೆ ಬೆಂಕಿಯ ನಾಲಗೆಯಂಥ ಗೌರಿಹೂ, ಹುಲ್ಲಿನ ನಡುವೆ ಉಗುರಿನಷ್ಟೂ ದೊಡ್ಡದಿಲ್ಲದ ನೀಲಿ ವಿಷ್ಣುಕ್ರಾಂತಿ. ಬಗ್ಗದಿದ್ದರೆ ಕಾಣುವುದೇ ಇಲ್ಲ. ನಿಯಮ ಎರಡೇ: ಹೆಸರು ಕೇಳದೆ ಫೋಟೊ ತೆಗೆಯುವಂತಿಲ್ಲ, ನೆಲ ನೋಡದೆ ಹೆಜ್ಜೆ ಇಡುವಂತಿಲ್ಲ. ಹೊಗೆಸೊಪ್ಪಿನ ಹೊಲದಿಂದ ಬಂದ ಹುಡುಗನೊಬ್ಬ, "ಸಾರ್, ಇದರ ಹೂ ಮುರಿದ್ರೆ ಎಲೆ ದಪ್ಪ ಆಗುತ್ತಾ?" ಎಂದು ಕೇಳಿದ. ಇದರ ಎಲೆಯನ್ನು ಯಾರೂ ಹರಾಜಿಗೆ ಹಾಕುವುದಿಲ್ಲ ಎಂದೆ. "ಮತ್ತೆ ಸುಮ್ನೆ ಬಿಡ್ಬಹುದು" ಎಂದ ಅವನು. ಆ ಮಾತಿನಲ್ಲಿ ಸಮಾಧಾನವಿತ್ತು.

ಎಲ್ಲರೂ ಒಂದೇ ಬೆಟ್ಟಕ್ಕೆ ಓಡುವುದು ತಮ್ಮ ಊರಿನ ಬೆಟ್ಟದಲ್ಲಿ ಏನೂ ಇಲ್ಲ ಎಂದು ತಿಳಿದಿರುವುದರಿಂದ. ಆ ತಿಳಿವಳಿಕೆ ತಿದ್ದಿದರೆ ಚಂದ್ರದ್ರೋಣದ ಮೇಲಿನ ಭಾರ ಒಂದಿಷ್ಟು ಕಡಿಮೆಯಾದೀತು. ಇದರಿಂದ ಎಲ್ಲವೂ ಬಗೆಹರಿಯುತ್ತದೆ ಎಂದು ನಾನು ನಂಬಿಲ್ಲ. ಬ್ಯಾರನ್‌ಗಳು ಇನ್ನೂ ಉರಿಯುತ್ತಿವೆ, ಸೆನ್ನಾ ಇನ್ನೂ ಹಬ್ಬುತ್ತಿದೆ. ನನ್ನ ಸಹೋದ್ಯೋಗಿ ಆಗಾಗ, "ಹನ್ನೆರಡು ವರ್ಷ ಆದ ಮೇಲಾದ್ರೂ ಲೊಕೇಶನ್ ಕೊಡ್ತೀರಾ?" ಎಂದು ತಮಾಷೆ ಮಾಡುತ್ತಾರೆ. ಕೊಡುವುದಿಲ್ಲ, ಕರೆದುಕೊಂಡು ಹೋಗುತ್ತೇನೆ ಎನ್ನುತ್ತೇನೆ. 2034ಕ್ಕೆ ನಾವಿಬ್ಬರೂ ಐವತ್ತು ದಾಟಿರುತ್ತೇವೆ, ಅವರ ಮಕ್ಕಳು ದೊಡ್ಡವರಾಗಿರುತ್ತಾರೆ. ಅಮ್ಮಿಯ ಪ್ರಶ್ನೆಯ ಬಾಕಿಯೂ ಇನ್ನೂ ಹಾಗೆಯೇ ಉಳಿದಿದೆ. ಆ ದಿನ ಬಂದರೆ ಕ್ಯಾಮೆರಾವನ್ನು ಚೀಲದಿಂದ ತೆಗೆಯುವ ಮೊದಲು ಹಾದಿಯ ಅಂಚಿನಲ್ಲೇ ಕೂತು ಒಂದು ಹೂವಿನತ್ತ ಬಗ್ಗಬೇಕೆಂದಿದ್ದೇನೆ.